ಟೈರನೋಸಾರ್ ಗೋಷ್ಠಿಯಲ್ಲಿ ನಮ್ಮ ಗಿಡ್ಡ ಎತ್ತು

ಹೊಳೆನರಸೀಪುರದ ಸಂತೆಗೆ ನಾನು ಹೆಗಲಿಗೆ ಹಾಕಿಕೊಂಡು ಹೋಗುವ ಬಟ್ಟೆ ಚೀಲದ ಮೇಲೆ ಟೈರನೋಸಾರ್ ಎಂಬ ಡೈನೋಸಾರ್ ಬಾಯಿ ತೆರೆದುಕೊಂಡು ನಿಂತಿದೆ. ಬದನೆಕಾಯಿ ತುಂಬಿಸಿದರೆ ಅದರ ಹೊಟ್ಟೆ ಉಬ್ಬುತ್ತದೆ. ನುಗ್ಗೆಕಾಯಿ ಇಟ್ಟರೆ ತಲೆಯ ಮೇಲೆ ಕೊಂಬು ಮೂಡುತ್ತದೆ. ಹೋದ ವಾರ ಸೊಪ್ಪು ಮಾರುವ ಹೆಂಗಸು ಕೊತ್ತಂಬರಿ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಏನ್ ಯಜಮಾನ್ರೇ, ಮೊಸಳೆ ಚೀಲ ತಂದಿದ್ದೀರಿ?"

"ಮೊಸಳೆ ಅಲ್ಲ ಕಣವ್ವ. ಮೊಸಳೇನ ಇದು ತಿಂಡಿಗೆ ತಿಂತಿತ್ತು."

"ಅಯ್ಯೋ ಶಿವನೆ. ಎಲ್ಲೈತೆ ಇದು?"

"ಎಲ್ಲೂ ಇಲ್ಲ. ಸತ್ತೋಗಿ ಆರೂವರೆ ಕೋಟಿ ವರ್ಷ ಆಯ್ತು."

"ತಿಥಿ ಗಿತಿ ಮಾಡಿದ್ರಾ?"

"ಅದಕ್ಕೇ ನನ್ನ ಮೊಮ್ಮಗಳು ವಿಮಾನದಲ್ಲಿ ಹೋಗಿದ್ಲು. ನಾಲ್ಕು ದಿನ ಮಾಡಿದ್ರು. ಬಂದೋರಿಗೆಲ್ಲ ಈ ಚೀಲ ಕೊಟ್ರು."

ಅವಳು ನಂಬಿದಳೋ ಇಲ್ಲವೋ, ಒಂದು ಕಟ್ಟು ಸೊಪ್ಪು ಹೆಚ್ಚಿಗೆ ಹಾಕಿದಳು. ಮೊಮ್ಮಗಳ ವಿಚಾರ ಹೇಳುವಾಗ ನನ್ನ ಮುಖ ಹೇಗಿರುತ್ತದೋ ನನಗೆ ಕಾಣುವುದಿಲ್ಲ. ಆದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಎರಡನೇ ಸ್ಟಾಪಿಗೇ ಎದ್ದು ಬೇರೆ ಸೀಟು ಹುಡುಕುವುದನ್ನು ಗಮನಿಸಿದ್ದೇನೆ. ನೀವು ಓದುವವರು, ಎದ್ದುಹೋಗುವ ಹಾಗಿಲ್ಲ. ಆದ್ದರಿಂದ ನಿಮಗೆ ಪೂರ್ತಿ ಹೇಳುತ್ತೇನೆ.

ಅವಳು ಹೋದದ್ದು ಒಂದು ಗೋಷ್ಠಿಗೆ. ಗೋಷ್ಠಿ ಎಂದರೆ ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವನಾದರೂ ನಾಲ್ಕು ಕಡೆ ಕೂತು ಬಂದವನು. ಹಾಲಿನ ಡೇರಿಯ ವರ್ಷದ ಸಭೆಯಲ್ಲಿ ಹೋಳಿಗೆ ಬರುವವರೆಗೂ ಕೂತಿದ್ದೇನೆ. ರುದ್ರಪಟ್ಟಣದಲ್ಲಿ ಸಂಗೀತದವರು ಸೇರಿದಾಗ ಕೊನೆಯ ಸಾಲಿನಲ್ಲಿ ಕೂತು, ಮುಂದಿನವರು ತಲೆಯಾಡಿಸಿದಾಗಲೆಲ್ಲ ನಾನೂ ಆಡಿಸಿ ಮರ್ಯಾದೆ ಉಳಿಸಿಕೊಂಡಿದ್ದೇನೆ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಮುಂದೆ ದಿನಗಟ್ಟಲೆ ನಿಂತಿದ್ದೇನೆ. ಆದರೆ ಅಲ್ಲೆಲ್ಲ ಹಾಲು ಇತ್ತು, ಹಾಡು ಇತ್ತು, ಕಾಯಿ ಇತ್ತು. ಟೈರನೋಸಾರ್ ಗೋಷ್ಠಿಯಲ್ಲಿ ಟೈರನೋಸಾರ್ ಒಂದು ಬಿಟ್ಟು ಮಿಕ್ಕೆಲ್ಲವೂ ಇರುತ್ತದಂತೆ. ಹತ್ತಾರು ದೇಶದ ಪಂಡಿತರು ಬರುತ್ತಾರೆ. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಆಮೇಲೆ ಗಂಟೆ. ಆಮೇಲೆ ಇನ್ನೊಬ್ಬರು ಎದ್ದು, ನೀವು ಹೇಳಿದ್ದು ಬಹಳ ಚೆನ್ನಾಗಿತ್ತು ಆದರೆ ಪೂರ್ತಿ ತಪ್ಪು ಎನ್ನುತ್ತಾರೆ. ಆಮೇಲೆ ಕಾಫಿ.

ಒಂದು ಮಧ್ಯಾಹ್ನವೆಲ್ಲ ಅದರ ಕೈಗಳ ವಿಚಾರ ನಡೆಯಿತಂತೆ. ಆನೆಗಿಂತ ಭಾರದ ಮೃಗ, ಕೈ ಮಾತ್ರ ನಮ್ಮ ಮನೆಯ ಒನಕೆಗಿಂತ ಗಿಡ್ಡ. ಆ ಕೈಯಿಂದ ಅದು ಏನು ಮಾಡುತ್ತಿತ್ತು ಎಂದು ಒಬ್ಬೊಬ್ಬರದು ಒಂದೊಂದು ವಾದ. ನಾನು ಇದನ್ನು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದರೆ ನನ್ನ ಹೆಂಡತಿ ಗೌರಮ್ಮ ಅವರೆಕಾಯಿ ಸುಲಿಯುತ್ತಾ, "ಅದಿರ್ಲಿ, ನಿಮ್ಮ ಕೈಯಿಂದ ನೀವೇನ್ ಮಾಡ್ತಿದ್ದೀರಿ? ಮೊರ ಈ ಕಡೆ ತಳ್ಳಿ" ಎಂದಳು. ಅವಳನ್ನು ಆ ಗೋಷ್ಠಿಗೆ ಕಳಿಸಿದ್ದರೆ ನಾಲ್ಕು ದಿನದ ಕೆಲಸ ಬೆಳಗಿನ ತಿಂಡಿಯೊಳಗೆ ಮುಗಿಯುತ್ತಿತ್ತು.

ನನ್ನ ಮೊಮ್ಮಗಳು ಉಮಾ. ಮಗಳ ಮಗಳು. ಹಾಸನದಲ್ಲಿ ಬೆಳೆದವಳು, ಮೈಸೂರಿನಲ್ಲಿ ಕಲ್ಲು ಮಣ್ಣಿನ ಶಾಸ್ತ್ರ ಓದಿದಳು. ಅಲ್ಲಿಂದ ಹಳೆಯ ಮೂಳೆಗಳಿಗೆ ಇಳಿದಳು. ಮೂಳೆಯನ್ನು ಹಪ್ಪಳಕ್ಕಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳ ಕೈ ಬಹಳ ಹದ ಎಂದು ತಿಳಿದು, ಅಮೆರಿಕದ ಒಬ್ಬ ಮೇಷ್ಟರು ಟೈರನೋಸಾರಿನ ಮೂಳೆಯ ಬಿಲ್ಲೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮೈಸೂರಿಗೆ ಕಳಿಸಿದ್ದರು. ಅದನ್ನು ನೋಡಿ ಹೇಳಬೇಕಾದ್ದನ್ನು ಗೋಷ್ಠಿಗೆ ಬಂದು ನೀನೇ ಹೇಳು ಎಂದು ಕರೆದಿದ್ದರು. ಇಷ್ಟು ಹೇಳಿದರೆ ಸಾಕು, ಮಿಕ್ಕವರ ಮೊಮ್ಮಕ್ಕಳು ಏನು ಮಾಡುತ್ತಿದ್ದಾರೆಂದು ನಾನು ಕೇಳುವುದಿಲ್ಲ. ಕೇಳಿ ಅವರಿಗೆ ನೋವು ಕೊಡುವುದು ಸರಿಯಲ್ಲ.

ಹೊರಡುವ ಹಿಂದಿನ ದಿನ ನಾವೆಲ್ಲ ಹಾಸನದಲ್ಲಿ ಅವಳ ಮನೆಯಲ್ಲಿ ಸೇರಿದ್ದೆವು. ನಾನು, ಗೌರಮ್ಮ, ಮಗಳು, ಅಳಿಯ. ಜೊತೆಗೆ ಅಳಿಯನ ತಂದೆ, ಅಂದರೆ ನನ್ನ ಬೀಗರು, ಕಟ್ಟಾಯದ ಮಲ್ಲಪ್ಪನವರು. ಅವರೂ ಉಮಾಳಿಗೆ ತಾತನೇ. ಅದರಲ್ಲಿ ನನ್ನ ತಕರಾರಿಲ್ಲ, ದೇವರು ಕೊಟ್ಟದ್ದು. ಉಮಾ ನಡುಮನೆಯಲ್ಲಿ ನಿಂತು, ಅಲ್ಲಿ ಇಂಗ್ಲಿಷಿನಲ್ಲಿ ಹೇಳುವುದನ್ನು ನಮಗಾಗಿ ಕನ್ನಡದಲ್ಲಿ ಹೇಳಿ ಅಭ್ಯಾಸ ಮಾಡಿದಳು. ಹದಿನೈದು ನಿಮಿಷಕ್ಕೆ ಗಂಟೆ ಹೊಡೆಯಲು ಗೌರಮ್ಮನ ಕೈಗೆ ದೇವರ ಮನೆಯ ಗಂಟೆ ಕೊಟ್ಟಿದ್ದರು. ಅವಳು ಭಕ್ತಿಯಿಂದ ಎರಡನೇ ನಿಮಿಷಕ್ಕೇ ಹೊಡೆದಳು.

"ಇಲ್ಲೊಂದು ಚಿಕ್ಕ ಮೃಗ ಸಿಕ್ಕಿದೆ" ಎಂದು ಉಮಾ ಶುರುಮಾಡಿದಳು. "ದೊಡ್ಡ ಟೈರನೋಸಾರಿನ ಅರ್ಧ ಉದ್ದ. ತೆಳು ಮೈ, ಉದ್ದ ಕಾಲು. ಒಂದು ಪಕ್ಷದವರು ಇದು ದೊಡ್ಡದರ ಮರಿ, ಬದುಕಿದ್ದರೆ ಬೆಳೀತಿತ್ತು ಅಂತಾರೆ. ಇನ್ನೊಂದು ಪಕ್ಷದವರು ಇದು ಮರಿಯಲ್ಲ, ಪೂರ್ತಿ ಬೆಳೆದು ನಿಂತಿರೋ ಬೇರೆ ಗಿಡ್ಡ ಜಾತಿ ಅಂತಾರೆ. ವರ್ಷಗಟ್ಟಲೆ ಈ ಜಗಳ ನಡೀತಾ ಇದೆ."

ಮಾತು ಅಲ್ಲಿಗೆ ಬಂದದ್ದೇ ತಡ, ಮಗಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಳಿಯ ಪೇಪರು ಬಿಡಿಸಿದ. ಬೀಗರು ಫ್ಯಾನು ನೋಡಿದರು. ನಾನೂ ಅದೇ ಫ್ಯಾನು ನೋಡಿದೆ. ಗೌರಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು.

ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಹದಿನೈದು ವರ್ಷ ಹಿಂದಕ್ಕೆ ಬರಬೇಕು. ಪಂಡಿತರ ಜೊತೆ ಆರೂವರೆ ಕೋಟಿ ವರ್ಷ ಹೋಗುತ್ತೀರಂತೆ, ನನ್ನ ಜೊತೆ ಹದಿನೈದು ಕಷ್ಟವಾಗಲಾರದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಎತ್ತು ಕೊಳ್ಳಲು ಹೊರಟವರು ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಕಾರಣ ನನ್ನ ಹೆಬ್ಬೆರಳು. ಎತ್ತಿನ ಕೆಳತುಟಿಯನ್ನು ಹೆಬ್ಬೆರಳಲ್ಲಿ ಒತ್ತಿ ಇಳಿಸಿ, ಹಲ್ಲು ನೋಡಿ, ವಯಸ್ಸು ಹೇಳಿಬಿಡುತ್ತಿದ್ದೆ. ದನಕ್ಕೆ ಮುಂದಿನ ಹಲ್ಲು ಕೆಳಗಡೆ ಮಾತ್ರ, ಎಂಟು. ಕರುವಾಗಿದ್ದಾಗ ಎಂಟೂ ಹಾಲುಹಲ್ಲು, ಸಣ್ಣ ಸಣ್ಣವು. ಆಮೇಲೆ ಎರಡೆರಡಾಗಿ ಬಿದ್ದು ಅಗಲ ಹಲ್ಲು ಬರುತ್ತವೆ. ಎಂಟೂ ಅಗಲವಾದರೆ ಬಾಯಿಗೂಡಿತು ಎನ್ನುತ್ತೇವೆ. ಅಲ್ಲಿಗೆ ಅದರ ಬೆಳವಣಿಗೆ ಮುಗಿಯಿತು. ನನ್ನ ಹೆಬ್ಬೆರಳಿಗೆ ಸುಳ್ಳು ಹೇಳಿದ ದಲ್ಲಾಳಿ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ನನ್ನನ್ನು ಕಂಡರೆ ಎತ್ತುಗಳೇ ತಾವಾಗಿ ಬಾಯಿ ತೆರೆಯುತ್ತವೆ ಎಂದು ಜನ ತಮಾಷೆ ಮಾಡುತ್ತಿದ್ದರು. ನಾನು ಅದನ್ನು ತಮಾಷೆ ಎಂದುಕೊಂಡಿರಲಿಲ್ಲ.

ಆ ವರ್ಷ ನನ್ನ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯಲ್ಲಿ ಒಂದು ಕಾಯಿಲೆ ಬಿದ್ದು ಹೋಯಿತು. ಉಳಿದದ್ದಕ್ಕೆ ಜೊತೆ ಬೇಕಿತ್ತು. ಹಬ್ಬಕ್ಕೆ ಕಟ್ಟಾಯಕ್ಕೆ ಬಂದಿದ್ದ ಮಗಳನ್ನು ನೋಡಲು ಹೋದಾಗ ಬೀಗರು, "ನಮ್ಮನೇಲಿ ಒಂದು ಹೋರಿಕರ ಐತೆ ಬೀಗ್ರೇ, ತಗೊಂಡೋಗಿ. ಈಗ ಚಿಕ್ಕದು, ಬೆಳ್ಕೊತ್ತದೆ" ಎಂದರು. ಬದಲಿಗೆ ನನ್ನ ಮನೆಯ ಕಪಿಲೆ ಹಸುವನ್ನು ಕೊಡುವುದೆಂದು ಆಯಿತು. ಹಾಲು ಕರೆದರೆ ಚೊಂಬಿನ ಹೊರಗೆ ನೊರೆ ಬರುವಂಥ ಹಸು ಅದು.

ಅಲ್ಲಿ ಕೊಟ್ಟಿಗೆಯಲ್ಲಿ ಆ ಹೋರಿಯ ಮುಂದೆ ನಿಂತೆ. ಹೆಬ್ಬೆರಳು ತಾನಾಗಿ ಮೇಲೆದ್ದಿತು. ಅದನ್ನು ಮಡಿಸಿಕೊಂಡು ಪಂಚೆಯೊಳಗೆ ಇಟ್ಟೆ. ಬೀಗರು ಕೊಡುವ ದನದ ಬಾಯಿ ನೋಡುವುದು ನಮ್ಮ ಕಡೆ ಇಲ್ಲ. ಬಾಯಿ ಬಿಡಿಸಿದರೆ ಅದು ದನದ ಬಾಯಲ್ಲ, ಕೊಟ್ಟವರ ಬಾಯಿ. ಮಗಳು ಆ ಮನೆಯಲ್ಲಿ ಬಾಳಬೇಕು. ವೀಳ್ಯ ಕೊಟ್ಟರು, ಹೋರಿಯ ಹಣೆಗೆ ಕುಂಕುಮ ಇಟ್ಟರು, ಹೊಡೆದುಕೊಂಡು ಬಂದೆ. ಪುಟ್ಟ ಎಂದು ಹೆಸರಿಟ್ಟೆ.

ಪುಟ್ಟನ ಕೊಂಬು ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಒಳ್ಳೆಯ ಮೇವು ತಿಂದಿದೆ ಎಂದುಕೊಂಡೆ. ಹೆಗಲ ಮೇಲಿನ ಹಿಣಿಲು ತುಂಬಿಕೊಂಡಿತ್ತು. ಲಕ್ಷಣವಾದ ಕರು ಎಂದುಕೊಂಡೆ. ನಡಿಗೆ ನಿಧಾನ. ಗಂಭೀರ ಸ್ವಭಾವ ಎಂದುಕೊಂಡೆ. ನಂಬಬೇಕೆಂದು ತೀರ್ಮಾನ ಮಾಡಿಕೊಂಡವನಿಗೆ ಕಾರಣಗಳು ಹೇಗೆ ಬಂದು ಸಾಲಾಗಿ ನಿಲ್ಲುತ್ತವೆ ಎಂಬುದನ್ನು ಪಂಡಿತರು ನನ್ನಿಂದ ಕಲಿಯಬೇಕು. ಅಥವಾ ಆಗಲೇ ಕಲಿತಿದ್ದಾರೆ.

ಆ ಬೇಸಿಗೆಯ ರಜಕ್ಕೆ ಉಮಾ ನಮ್ಮೂರಿಗೆ ಬಂದಿದ್ದಳು. ಹತ್ತು ವರ್ಷ. ಬಂದ ದಿನವೇ ಪುಟ್ಟನನ್ನು ಕೊಟ್ಟಿಗೆಯ ಹಲಸಿನ ಕಂಬದ ಪಕ್ಕ ನಿಲ್ಲಿಸಿ, ಹಿಣಿಲಿನ ಎತ್ತರಕ್ಕೆ ಕುಡುಗೋಲಿನ ತುದಿಯಿಂದ ಕಂಬದ ಮೇಲೆ ಒಂದು ಗೀರು ಹಾಕಿಸಿದಳು. "ತಿಂಗಳಿಗೊಂದು ಹಾಕ್ಬೇಕು ತಾತ. ಎಷ್ಟು ಬೆಳೀತು ಅಂತ ಗೊತ್ತಾಗತ್ತೆ." ರಜ ಮುಗಿದು ಹೋದ ಮೇಲೂ ಹಾಸನದಿಂದ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಕ್ಷೇಮ, ಅಜ್ಜಿಗೆ ನಮಸ್ಕಾರ, ಪುಟ್ಟನನ್ನು ಅಳೆದಿರಾ. ನಾನು ಪ್ರತಿ ಅಮಾವಾಸ್ಯೆ ತಪ್ಪದೆ ಗೀರು ಹಾಕಿದೆ. ಹುರುಳಿ ಬೇಯಿಸಿ ಹಾಕಿದೆ. ಹಿಂಡಿ ನೆನೆಸಿ ಹಾಕಿದೆ. ಗೌರಮ್ಮ, "ಇಷ್ಟು ನನಗಾಕಿದ್ರೆ ನಾನಾದ್ರೂ ಬೆಳೀತಿದ್ದೆ" ಎಂದಳು.

ನೊಗಕ್ಕೆ ಹೂಡಿ ನೋಡಿದರೆ ಹಳ್ಳಿಕಾರು ಮೇಲೆ, ಪುಟ್ಟ ಕೆಳಗೆ. ನೊಗ ಏಣಿಯಂತೆ ಓರೆಯಾಗುತ್ತಿತ್ತು. ಊರಿನವರು ಜಗಲಿಯ ಮೇಲಿಂದ ಕೇಳುತ್ತಿದ್ದರು. "ಎತ್ತು ಬೆಳೀತಾ ಐತಾ ಸಾ?"

"ಬೆಳೀತದೆ ಕಣ್ಲಾ. ನಿನ್ನಂಗೆ ಅವಸರ ಅದಕ್ಕಿಲ್ಲ."

ಮುಂದಿನ ಬೇಸಿಗೆಗೆ ಉಮಾ ಬಂದು ನೇರವಾಗಿ ಕೊಟ್ಟಿಗೆಗೆ ಹೋದಳು. ಕಂಬದ ಮೇಲೆ ಹನ್ನೆರಡು ಗೀರು ಇರಬೇಕಿತ್ತು. ಹನ್ನೆರಡೂ ಇದ್ದವು, ಒಂದರ ಮೇಲೊಂದು, ಒಂದೇ ಜಾಗದಲ್ಲಿ, ಕಡ್ಡಿ ಇಟ್ಟರೆ ನಿಲ್ಲುವಷ್ಟು ಗುಳಿ ಬಿದ್ದು. ಅವಳು ಸ್ವಲ್ಪ ಹೊತ್ತು ಆ ಗುಳಿಯ ಮೇಲೆ ಬೆರಳಾಡಿಸಿದಳು. ಆಮೇಲೆ ನಾನು ಕಲಿಸಿಕೊಟ್ಟಿದ್ದ ಹಾಗೆಯೇ ಪುಟ್ಟನ ಕೆಳತುಟಿಯನ್ನು ತನ್ನ ಸಣ್ಣ ಹೆಬ್ಬೆರಳಿನಿಂದ ಇಳಿಸಿದಳು.

"ತಾತ, ಎಂಟೂ ಅಗಲ ಹಲ್ಲು. ಸವೆದೂ ಇದೆ."

ನಾನು ಬಗ್ಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಅದು ಸಕಲೇಶಪುರದ ಕಡೆಯ ಗಿಡ್ಡ ತಳಿ. ನನ್ನ ಮನೆಗೆ ಬರುವ ಹೊತ್ತಿಗೇ ಅದಕ್ಕೆ ನನ್ನಷ್ಟೇ ಲೋಕಾನುಭವ ಇತ್ತು.

"ಯಾರ್ಗೂ ಹೇಳ್ಬೇಡ ಮಗ" ಎಂದೆ. ಅವಳು ಒಪ್ಪಿಕೊಂಡಳು. ಆದರೆ ಕಟ್ಟಾಯದ ತಾತ ಯಾರೋ ಅಲ್ಲವಲ್ಲ, ಅವರಿಗೆ ಹೇಳಿದಳು. ಮುಂದೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಯಾರೋ ಎತ್ತಿನ ಮಾತು ತೆಗೆದರು. ಬೀಗರು ಎಲೆಗೆ ನೀರು ಚಿಮುಕಿಸುತ್ತಾ, "ಗಿಡ್ಡ ಅಂತ ಗೊತ್ತಿದ್ದೇ ತಗೊಂಡೋದ್ರಲ್ಲ. ದನ ಬಲ್ಲೋರಿಗೆ ನಾನೇನ್ ಹೇಳೋದು" ಎಂದರು. ಸುತ್ತ ಇಪ್ಪತ್ತು ಎಲೆಯವರು ಕೇಳಿಸಿಕೊಂಡರು. ನಾನು ಏನು ಹೇಳಬೇಕಿತ್ತು? ನನ್ನ ಹೆಬ್ಬೆರಳು ಸೋತಿತು ಎನ್ನಬೇಕಿತ್ತೇ? "ಕರಾನೇ ಕಣ್ರೀ ಅದು. ಇನ್ನೂ ಬೆಳೀತದೆ" ಎಂದುಬಿಟ್ಟೆ. ಅಂದಿನಿಂದ ನಾನು ಕರುವಿನ ಪಕ್ಷ, ಅವರು ಗಿಡ್ಡದ ಪಕ್ಷ. ಜಗಳವೇನಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದರು, ಹೋಗುತ್ತಿದ್ದೆ. "ಎತ್ತು ಹೆಂಗೈತೆ ಬೀಗ್ರೇ?" ಎನ್ನುತ್ತಿದ್ದರು. "ಬೆಳೀತಾ ಐತೆ" ಎನ್ನುತ್ತಿದ್ದೆ. ಆಮೇಲೆ ಅವರು ನನ್ನದೇ ಹಸುವಿನ ಮಜ್ಜಿಗೆಯನ್ನು ನನಗೇ ಲೋಟದಲ್ಲಿ ಕೊಡುತ್ತಿದ್ದರು. ಕುಡಿಯುತ್ತಿದ್ದೆ. ಬಹಳ ಚೆನ್ನಾಗಿರುತ್ತಿತ್ತು, ಅದೇ ಕಷ್ಟ.

ಹಳ್ಳಿಕಾರನ್ನು ಮುಂದೆ ಬೇರೆ ಜೊತೆಗೆ ಕೊಟ್ಟೆ. ಪುಟ್ಟನಿಗೆ ಒಂಟಿ ಎತ್ತಿನ ಗಾಡಿ ಮಾಡಿಸಿ ನೀರಿನ ಡ್ರಮ್ಮು ಎಳೆಸಿದೆ. ಬಹಳ ವರ್ಷ ಎಳೆದು, ವಯಸ್ಸಾಗಿ, ನಮ್ಮ ಕೊಟ್ಟಿಗೆಯಲ್ಲೇ ಸತ್ತಿತು. ಸತ್ತ ದಿನವೂ ಅದರ ಎತ್ತರ ಆ ಗುಳಿಗೆ ಸರಿಯಾಗಿತ್ತು.

ಈಗ ಹಾಸನದ ಆ ನಡುಮನೆಗೆ ವಾಪಸು ಬನ್ನಿ. ಫ್ಯಾನು ತಿರುಗುತ್ತಿದೆ.

"ಅಂದ್ರೆ ಮಗ" ಎಂದು ಬೀಗರೇ ಮಾತು ತೆಗೆದರು, "ಅದು ಕರನೋ ಗಿಡ್ಡನೋ ಅಂತ ಅಲ್ಲಿ ತೀರ್ಮಾನ ಮಾಡ್ತಾರೆ?"

"ಅದಕ್ಕೇ ಹೋಗ್ತಾ ಇರೋದು ತಾತ."

"ಗಿಡ್ಡ" ಎಂದರು ಬೀಗರು, ಗೋಡೆಗೆ ಒರಗಿಕೊಂಡು.

"ಕರ" ಎಂದೆ ನಾನು.

ಅಳಿಯ ಪೇಪರನ್ನು ಇನ್ನೂ ಮೇಲಕ್ಕೆ ಎತ್ತಿಕೊಂಡ. ಬೀಗರು ನನ್ನ ಕಡೆ ತಿರುಗಿದರು. ಹದಿನೈದು ವರ್ಷದಲ್ಲಿ ಆ ವಿಚಾರಕ್ಕೆ ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಕಪಿಲೆ ಮರಿಮೊಮ್ಮಗಳೊಂದು ನಮ್ಮ ಕೊಟ್ಟಿಗೇಲೈತೆ. ಹೆಣ್ಗರ. ಅಲ್ಲಿ ಕರ ಅಂತಾದ್ರೆ ನಾನೇ ಹೊಡ್ಕಂಡು ಬಂದು ನಿಮ್ಮ ಗೂಟಕ್ಕೆ ಕಟ್ತೀನಿ. ಗಿಡ್ಡ ಅಂತಾದ್ರೆ ನೀವು ಎಲ್ಲರ ಮುಂದೆ ಒಂದು ಮಾತು ಹೇಳ್ಬೇಕು. ನಂದು ತಪ್ಪಾಯ್ತು, ಬಾಯಿ ನೋಡ್ನಿಲ್ಲ ಅಂತ."

"ಆಗ್ಲಿ" ಎಂದೆ. ಅಂದು ಕಪಿಲೆ ಹೋದದ್ದು ದೊಡ್ಡದಲ್ಲ. ಆದರೆ ಬೀಗರ ಮುಂದೆ ಆ ಒಂದು ಮಾತು ಹೇಳಿ ಈ ವಯಸ್ಸಿನಲ್ಲಿ ಬದುಕುವುದು ಹೇಗೆ? ನನ್ನ ಮಾನ ಮರ್ಯಾದೆ ಪೂರ್ತಿ, ನಾನು ಕಂಡರಿಯದ ಒಂದು ಮೃಗದ ಕಾಲಿನ ಮೂಳೆಯೊಳಗೆ ಹೋಗಿ ಕೂತಿತು.

ಉಮಾ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದಳು. "ನಾನು ಹದಿಮೂರು ನಿಮಿಷ ಇನ್ನೂ ಮಾತಾಡ್ಬೇಕು. ಕೇಳ್ತೀರಾ ಇಬ್ರೂ?" ಕೇಳಿದೆವು. ಗೌರಮ್ಮ ಗಂಟೆಯನ್ನು ಹೊಡೆಯುವುದನ್ನೇ ಮರೆತಳು.

ಹಾಸನಕ್ಕೆ ವಿಮಾನ ಬರುತ್ತದೆ, ಬರುತ್ತದೆ ಎಂದು ನಾನು ಕಪ್ಪು ಕೂದಲಿದ್ದಾಗಿನಿಂದ ಕೇಳುತ್ತಿದ್ದೇನೆ. ಉಮಾ ಅದಕ್ಕೆ ಕಾಯದೆ ಬೆಂಗಳೂರಿಗೆ ಬಸ್ಸು ಹತ್ತಿ ಅಲ್ಲಿಂದ ಹಾರಿದಳು. ಅವಳು ಹೋದ ಆ ದಿನಗಳಲ್ಲಿ ನಾನು ಊಟ ಬಿಡಲಿಲ್ಲ, ಆದರೆ ಏನು ತಿಂದೆ ಎಂದು ಹೇಳಲಾರೆ. ಮೂರನೇ ದಿನ ಫೋನು ಬಂತು. ದೂರದಿಂದ ಗಾಳಿಯೊಳಗೆ ಮಾತಾಡಿದ ಹಾಗೆ.

"ತಾತ, ಹೇಳ್ಬಿಟ್ಟೆ."

"ಏನಂದ್ರು ಮಗ?"

"ಬಂದು ಹೇಳ್ತೀನಿ. ಎಲ್ರೂ ನಕ್ರು."

ಎಲ್ಲರೂ ನಕ್ಕರು. ಇಷ್ಟೇ ಹೇಳಿ ಇಟ್ಟುಬಿಟ್ಟರೆ ತಾತನಾದವನು ಹತ್ತು ದಿನ ಹೇಗೆ ಇರಬೇಕು? ನನ್ನ ಮೊಮ್ಮಗಳನ್ನು ನೋಡಿ ನಕ್ಕವರು ಯಾರು, ಅವರ ಊರು ಯಾವುದು, ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದೆಲ್ಲ ಯೋಚಿಸಿದೆ.

ಅವಳು ಬಂದಳು. ಈ ಚೀಲವನ್ನು ನನ್ನ ಹೆಗಲಿಗೆ ಹಾಕಿದಳು. ಜಗಲಿಯ ಮೇಲೆ ಕೂತು ಹೇಳಿದಳು.

ದೊಡ್ಡ ಸಭಾಂಗಣ. ಅವಳಿಗಿಂತ ಮುಂಚೆ ಮಾತಾಡಿದವರು ಒಬ್ಬ ಹಿರಿಯರು. ಆ ಚಿಕ್ಕ ಮೃಗಕ್ಕೆ ಬೇರೆ ಹೆಸರೇ ಇರಬೇಕು, ಅದು ಗಿಡ್ಡ ಜಾತಿಯೇ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವರು. ಹಲ್ಲಿನ ಲೆಕ್ಕ, ತಲೆಬುರುಡೆಯ ಆಕಾರ, ಎಲ್ಲ ತೋರಿಸಿ ಕೂತರು. ಉಮಾ ಎದ್ದು ಹೋಗಿ ಪರದೆಯ ಮೇಲೆ ಮೊದಲ ಚಿತ್ರ ಹಾಕಿದಳು. ಅದು ನಮ್ಮ ಕೊಟ್ಟಿಗೆಯ ಹಲಸಿನ ಕಂಬ.

"ನಮ್ಮ ಕಂಬಾನಾ?" ಎಂದೆ.

"ನಮ್ಮ ಕಂಬಾನೇ ತಾತ. ಹೋದ ಸಲ ಬಂದಾಗ ಫೋಟೋ ತಕ್ಕೊಂಡಿದ್ದೆ. ಗೋಡೆಯಷ್ಟು ದೊಡ್ಡದಾಗಿ ಕಾಣ್ತಿತ್ತು. ಪಕ್ಕದಲ್ಲಿ ಬೆರಣಿ ಕುಕ್ಕೇನೂ ಬಿದ್ದಿತ್ತು."

ಅವಳು ಹೇಳಿದ್ದು ಇಷ್ಟು. ನಮ್ಮ ತಾತ ಒಂದು ಎತ್ತನ್ನು ಒಂದು ವರ್ಷ ಕರು ಎಂದು ಸಾಕಿದರು. ಹೊರಗಿನಿಂದ ನೋಡಿ ಯಾರಿಗೂ ಏನನ್ನೂ ಹೇಳಲಾಗಲಿಲ್ಲ. ಈ ಕಂಬ ಹೇಳಿತು. ಗೀರುಗಳು ಒಂದೇ ಜಾಗದಲ್ಲಿ ಒತ್ತಾಗಿ ಬಿದ್ದರೆ ಬೆಳೆಯುವುದು ನಿಂತಿದೆ. ದೂರ ದೂರ ಬಿದ್ದರೆ ಇನ್ನೂ ಬೆಳೆಯುತ್ತಿದೆ. ಮೂಳೆಯೂ ಈ ಕಂಬದ ಹಾಗೆಯೇ, ವರ್ಷಕ್ಕೊಂದು ಗೀರು ತನ್ನೊಳಗೆ ತಾನೇ ಹಾಕಿಕೊಳ್ಳುತ್ತದೆ. ಎರಡನೇ ಚಿತ್ರ ಆ ಚಿಕ್ಕ ಮೃಗದ ಮೂಳೆಯ ಬಿಲ್ಲೆ. ಗೀರುಗಳು ಅಂಚಿನವರೆಗೂ ದೂರ ದೂರ ಇದ್ದವು.

"ಅಂದ್ರೆ?"

"ಕರು ತಾತ. ನಾನು ನೋಡಿದ ಮಟ್ಟಿಗೆ ಕರು."

ನಾನು ಎದ್ದು ನಿಂತೆನಂತೆ. ಗೌರಮ್ಮ ಹೇಳುತ್ತಾಳೆ, ನನಗೆ ನೆನಪಿಲ್ಲ. ನನ್ನ ದಡ್ಡತನ ಸಮುದ್ರ ದಾಟಿ, ಗೋಡೆಯಷ್ಟು ದೊಡ್ಡದಾಗಿ, ಬೆರಣಿ ಕುಕ್ಕೆಯ ಸಮೇತ ಲೋಕಕ್ಕೆ ಕಂಡಿತ್ತು. ನಾಚಿಕೆಯಾಗಬೇಕಿತ್ತು. ಹಾಳಾದ್ದು, ಸಂತೋಷವಾಗುತ್ತಿತ್ತು. ಎಷ್ಟೋ ಜನ ಜಾಣತನವನ್ನು ಕೂಡಿಟ್ಟು ಮೊಮ್ಮಕ್ಕಳಿಗೆ ಕೊಡುತ್ತಾರೆ. ನಾನು ಕೊಟ್ಟದ್ದು ಒಂದು ಪೆದ್ದುತನ, ಅದನ್ನು ಈ ಹುಡುಗಿ ಹೀಗೆ ಬೆಳೆಸಿದ್ದಳು. ಹುರುಳಿ ಹಾಕಿದ್ದು ಪುಟ್ಟನಿಗೆ, ಬೆಳೆದದ್ದು ಬೇರೆ ಯಾರೋ.

"ಆ ಹಿರೇರು ಏನಂದ್ರು?" ಎಂದು ಕೇಳಿದೆ.

"ಮೊದಲು ನಕ್ಕಿದ್ದು ಅವರೇ. ಆಮೇಲೆ ಎದ್ದು, ಹುಡುಗಿ ಚೆನ್ನಾಗಿ ಹೇಳಿದಳು, ಆದರೆ ಇದೊಂದೇ ಮೂಳೆ ಸಾಲದು, ನಾನು ಒಪ್ಪಲ್ಲ ಅಂದ್ರು. ಕಾಫಿ ಹೊತ್ತಲ್ಲಿ ಹತ್ರ ಬಂದು, ನಿಮ್ಮ ತಾತ ಆಮೇಲೆ ಒಪ್ಪಿಕೊಂಡ್ರಾ ಅಂತ ಕೇಳಿದ್ರು. ಇನ್ನೂ ಇಲ್ಲ ಅಂದೆ. ಅವರಿಗೆ ನನ್ನ ನಮಸ್ಕಾರ ಹೇಳು ಅಂದ್ರು."

ಅವರು ಬೀಗರ ಪಕ್ಷದವರು. ಆದರೂ ಆ ಮುದುಕರು ನಮ್ಮೂರಿನ ಕಡೆ ಬಂದರೆ ನಾನು ಅವರನ್ನು ಊಟ ಮಾಡಿಸದೆ ಕಳಿಸುವುದಿಲ್ಲ.

"ಕೊನೆಗೆ ಏನ್ ತೀರ್ಮಾನ ಆಯ್ತು ಮಗ?"

"ಆಗ್ಲಿಲ್ಲ ತಾತ. ಕರು ಅನ್ನೋರು ಜಾಸ್ತಿ ಇದ್ರು. ಗಿಡ್ಡ ಅನ್ನೋರೂ ಇದ್ರು. ಇನ್ನಷ್ಟು ಮೂಳೆ ಸಿಗಬೇಕು ಅಂತ ಬರ್ಕೊಂಡು ಎದ್ರು."

ನೋಡಿದಿರಾ. ಅಷ್ಟು ವಿಮಾನ, ಅಷ್ಟು ಕಾಫಿ, ಅಷ್ಟು ಚೀಲ. ಕೊನೆಗೆ ಇನ್ನಷ್ಟು ಮೂಳೆ ಬೇಕು. ನಮ್ಮ ಡೇರಿ ಸಭೆಯಲ್ಲೂ ವಿಷಯವನ್ನು ಮುಂದಿನ ಸಭೆಗೆ ಇಡುತ್ತಾರೆ, ಆದರೆ ಹೋಳಿಗೆಯನ್ನಾದರೂ ಅಂದೇ ಬಡಿಸುತ್ತಾರೆ. ಪಂದ್ಯ ಎತ್ತಲೂ ವಾಲದೆ ನಿಂತಿತು. ನಾನು ಗೆದ್ದೆನೆಂದು ಹೇಳಿಕಳಿಸುವ ಹಾಗಿರಲಿಲ್ಲ, ಸೋತೆನೆಂದು ಹೇಳುವ ಮನಸ್ಸೂ ಇರಲಿಲ್ಲ.

ಎಂಟು ದಿನ ಕಳೆದಿರಬೇಕು. ಬೆಳಗಿನ ಹೊತ್ತು ಬಾಗಿಲ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಮುಂದಿನ ಸೀಟಿನಿಂದ ಮಲ್ಲಪ್ಪನವರು ಇಳಿದರು. ಹಿಂದೆ ಹುಲ್ಲಿನ ಮೇಲೆ ಒಂದು ಹೆಣ್ಣುಕರು, ಕಪಿಲೆಯದೇ ಕಣ್ಣು, ಹಣೆಯಲ್ಲಿ ಕುಂಕುಮ. ಉಮಾ ಇನ್ನೂ ನಮ್ಮ ಮನೆಯಲ್ಲೇ ಇದ್ದಳು, ಓಡಿ ಬಂದು ಹಗ್ಗ ಹಿಡಿದಳು.

"ತೀರ್ಮಾನ ಆಗ್ನಿಲ್ವಂತಲ್ಲ ಬೀಗ್ರೇ" ಎಂದೆ. "ಇದ್ಯಾಕೆ ತಂದ್ರಿ?"

ಅವರು ಜಗಲಿಯ ಮೇಲೆ ಕೂತು ಟವಲಿನಿಂದ ಮುಖ ಒರೆಸಿಕೊಂಡರು. ಗೌರಮ್ಮ ತಂದ ನೀರನ್ನು ಪೂರ್ತಿ ಕುಡಿದರು.

"ನಾನೂ ನೋಡಿರ್ನಿಲ್ಲ" ಎಂದರು.

"ಏನ?"

"ಅದರ ಬಾಯಿ. ಪುಟ್ಟಂದು. ಅದು ನನ್ನ ತಂಗಿ ಗಂಡನ ಮನೇಲಿಂದ ನಮಗೆ ಬಂದಿದ್ದು. ಕರ, ಬೆಳ್ಕೊತ್ತದೆ ಅಂದಿದ್ರು. ತಂಗಿ ಗಂಡನ ಮನೆ ದನದ ಬಾಯಿ ಎಂಗ್ ನೋಡಾದು? ನಮ್ಮನೇಲೂ ಆರು ತಿಂಗ್ಳು ಹುರುಳಿ ಹಾಕೀನಿ. ಕರ ಅಂತ್ಲೇ ನಿಮಗೆ ಕೊಟ್ಟೆ. ಈ ಮಗಾ ಬಂದು ಎಂಟು ಹಲ್ಲು ಅಂದಾಗ್ಲೇ ನಂಗೂ ಗೊತ್ತಾಗಿದ್ದು."

"ಮತ್ತೆ ಮದುವೆ ಮನ್ಯಾಗೆ ಗಿಡ್ಡ ಅಂತ ಗೊತ್ತಿತ್ತು ಅಂದ್ರಲ್ಲ?"

"ಗೊತ್ತಿರ್ನಿಲ್ಲ ಅಂದಿದ್ರೆ ತಂಗಿ ಗಂಡನ ಮನೇವ್ರನ್ನ ಅಂದಂಗಾಗ್ತಿತ್ತು. ಅವರೂ ಅಲ್ಲೇ ಎದುರು ಎಲೇಲಿ ಕೂತಿದ್ರು."

ಉಮಾ ಹಗ್ಗ ಹಿಡಿದುಕೊಂಡೇ ಅಂಗಳದಲ್ಲಿ ಕುಕ್ಕರಿಸಿ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಅವರಿಗೆ ಎಲ್ಲಿಂದ ಬಂದಿತ್ತು ತಾತ?"

"ಅವರ ಬೀಗರ ಮನೆಯಿಂದ ಇರ್ಬೇಕು ಮಗ" ಎಂದರು ಮಲ್ಲಪ್ಪನವರು. ಆಗ ಅವರಿಗೂ ನಗು ಬಂತು. ನನಗೂ ಬಂತು. ಒಂದು ಮುದಿ ಎತ್ತು ಬೀಗರಿಂದ ಬೀಗರಿಗೆ, ಕುಂಕುಮ ಇಡಿಸಿಕೊಂಡು, ಎಲ್ಲೆಲ್ಲೂ ಹುರುಳಿ ತಿಂದುಕೊಂಡು, ಕರು ಎನ್ನಿಸಿಕೊಂಡು, ಅರ್ಧ ಜಿಲ್ಲೆ ಸುತ್ತಿ ಬಂದಿತ್ತು. ಅದರ ಬುದ್ಧಿವಂತಿಕೆಯ ಮುಂದೆ ನಾವೂ ಪಂಡಿತರೂ ಒಂದೇ.

ನಗು ನಿಂತ ಮೇಲೆ ನನಗೆ ಆ ಒಂದು ಮಾತು ನೆನಪಾಯಿತು. ಯಾರೂ ಕೇಳಿರಲಿಲ್ಲ. "ನಂದೂ ತಪ್ಪಾಯ್ತು ಬೀಗ್ರೇ. ಬಾಯಿ ನೋಡ್ಬೇಕಿತ್ತು" ಎಂದೆ. ಹದಿನೈದು ವರ್ಷ ಗಂಟಲಲ್ಲಿದ್ದದ್ದು ಅಷ್ಟು ಸಣ್ಣದೆಂದು ತಿಳಿದಿರಲಿಲ್ಲ.

ಅವರು ಎದ್ದು ಕರುವಿನ ಹತ್ತಿರ ಹೋದರು. ಅದರ ಕೊರಳ ಕೆಳಗಿನ ಗಂಗೆದೊಗಲು ಸವರಿದರು. "ಈಗ್ಲಾದ್ರೂ ನೋಡಿ. ಎಲ್ಲರ ಮುಂದೆ ನೋಡ್ಬುಡಿ. ನಾನೇನ್ ಅನ್ಕಳಾಕಿಲ್ಲ."

ಉಮಾ ಹಗ್ಗವನ್ನು ಬಿಗಿ ಹಿಡಿದು ಕರುವಿನ ತಲೆಯನ್ನು ನನ್ನ ಕಡೆ ತಿರುಗಿಸಿದಳು. ನನ್ನ ಹೆಬ್ಬೆರಳು ಎದ್ದಿತು. ನಾಲ್ಕು ತಾಲ್ಲೂಕಿನಲ್ಲಿ ಹೆಸರಾದ ಹೆಬ್ಬೆರಳು. ಕರು ನನ್ನನ್ನು ನೋಡಿತು, ಬೀಗರೂ ನೋಡಿದರು.

ಹೆಬ್ಬೆರಳನ್ನು ಮಡಿಸಿ ಪಂಚೆಯೊಳಗೆ ಇಟ್ಟುಕೊಂಡೆ.

"ತಾತ, ನಿಮಗೆ ಬುದ್ಧಿ ಬರಲ್ಲ" ಎಂದಳು ಉಮಾ.

"ಬೀಗರ ಮನೇದು ಮಗ" ಎಂದೆ. "ಕುಡುಗೋಲು ತಗೊಂಡು ಬಾ."

ಹಲಸಿನ ಕಂಬದ ಪಕ್ಕ ಕರುವನ್ನು ನಿಲ್ಲಿಸಿದೆವು. ಪುಟ್ಟನ ಗುಳಿಗಿಂತ ಸಾಕಷ್ಟು ಕೆಳಗೆ ಉಮಾ ಒಂದು ಹೊಸ ಗೀರು ಹಾಕಿದಳು. ಮೈಸೂರಿಗೆ ಹೊರಡುವಾಗ ತಿಂಗಳಿಗೊಂದು ತಪ್ಪಿಸಬೇಡಿ ಎಂದು ಹೇಳಿಹೋದಳು. ಈಗ ಇನ್‌ಲ್ಯಾಂಡ್ ಪತ್ರ ಬರುವುದಿಲ್ಲ, ಭಾನುವಾರ ಫೋನು ಬರುತ್ತದೆ. ನಾನು ಎತ್ತಿಕೊಂಡ ಕೂಡಲೆ ಕ್ಷೇಮ ಗೀಮ ಏನೂ ಇಲ್ಲ, "ಅಳೆದ್ರಾ?" ಅಷ್ಟೇ.

ನಿನ್ನೆ ಅಮಾವಾಸ್ಯೆ. ಐದನೇ ಗೀರು ಹಾಕಿದೆ. ಐದೂ ದೂರ ದೂರ ಇವೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ನನ್ನ ಕೈಯ ನಾಲ್ಕು ಬೆರಳು ಅಡ್ಡ ಹಿಡಿಯುತ್ತವೆ. ಹೆಬ್ಬೆರಳನ್ನು ಸೇರಿಸಿಲ್ಲ.